ಮೇಲಿನ ಸಾಹೇಬರು ಬದಲಾದ ಮೇಲೆ ಕೆಲಸಗಾರರು ನಿಲ್ಲುತ್ತಿಲ್ಲ: ಮಾಲಕರಿಗೆ ಲೆಕ್ಕ ಸಮೇತ ತೋರಿಸುವುದು ಹೇಗೆ?

ಟೈಮ್‌ಆಫೀಸ್_ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಗಿಣಿಗೇರಾ ಕಡೆಯ ಒಂದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಲ್ಲಿದ್ದಲಿನಿಂದ ತೆಗೆಯುವ ಕಬ್ಬಿಣ) ಘಟಕದ ವಿಷಯ. ಹೆಸರು ಬೇಡ. ದಿನಕ್ಕೆ 100 ಟನ್ನಿನ ಎರಡು ಕಿಲ್ನ್, ಅಂದರೆ ತಿರುಗುವ ಉದ್ದನೆಯ ಕುಲುಮೆ. ಕಂಪನಿ ಮಸ್ಟರಿನಲ್ಲಿ (ಹಾಜರಿ ಪಟ್ಟಿಯಲ್ಲಿ) 120 ಜನ, ಗುತ್ತಿಗೆಯಲ್ಲಿ ಹೆಚ್ಚುಕಡಿಮೆ 90. ಮಾಲಕರು ಬೇರೆ ಊರಲ್ಲಿದ್ದಾರೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ದಿನನಿತ್ಯ ನಡೆಸುವವರು ಹೊಸದಾಗಿ ಬಂದ ಸಿಇಒ.

ಅವರು ಬಂದ ಮೇಲೆ ಕಂಟ್ರೋಲ್ ರೂಮಿನ ಹಳೆಯ ಆಪರೇಟರುಗಳು ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ರಾಜೀನಾಮೆಯಲ್ಲಿ ಎಲ್ಲರದೂ ಒಂದೇ ಮಾತು, 'ಸ್ವಂತ ಕಾರಣ'. ಇಪ್ಪತ್ತು ನಿಮಿಷದ ಬೆಳಗಿನ ಮೀಟಿಂಗ್ ಈಗ ಒಂದೂವರೆ ತಾಸು ನಡೆಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಯಾರನ್ನೋ ನಿಲ್ಲಿಸಿ ಬೈಯುವುದಕ್ಕೇ ಹೋಗುತ್ತದೆ. ಫಿಟ್ಟರುಗಳಿಗೆ ನೇರ ಫೋನ್ ಬರುತ್ತದೆ, ಶಿಫ್ಟ್ ಇನ್‌ಚಾರ್ಜ್‌ಗೆ ಗೊತ್ತೇ ಇರುವುದಿಲ್ಲ. ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ರಿಜಿಸ್ಟರ್ ಪೂರ್ತಿ ಖಾಲಿ. ಅದನ್ನೇ ಸಾಧನೆ ಎಂದು ಗೇಟಿನ ಬೋರ್ಡಿಗೆ ಬರೆಸಿದ್ದಾರೆ.

ಮಾಲಕರ ಕಿವಿಗೆ ಹಾಕಿದರೆ "ಸ್ಟ್ರಿಕ್ಟ್ ಇದ್ದರೆ ಹಾಗೇ, ಕೆಲಸ ಮಾಡದವರು ಹೋಗಲಿ ಬಿಡಿ" ಎನ್ನುತ್ತಾರೆ. ಪ್ರಶ್ನೆ ಎರಡು. ಇದು ನಿಜವಾಗಿ ನಾಯಕತ್ವದ ದೋಷವೋ, ಪಗಾರ ಮತ್ತು ಮಾರುಕಟ್ಟೆಯ ಪರಿಣಾಮವೋ ಎಂದು ಬೇರೆ ಮಾಡಿ ನೋಡುವುದು ಹೇಗೆ? ದೋಷವೇ ಆಗಿದ್ದರೆ, ದೂರು ಅನ್ನಿಸದಂತೆ ಮಾಲಕರ ಮುಂದೆ ಇಡುವುದು ಹೇಗೆ?

ಕಿಲ್ನ್_ಮೇಷ್ಟ್ರು

ಮಸ್ಟರ್ ಆಮೇಲೆ ನೋಡೋಣ. ಮೊದಲು ಕಂಟ್ರೋಲ್ ರೂಮಿನ ಲಾಗ್ ಶೀಟ್ ತೆಗೆಯಿರಿ. ಮೇಲಿನವರು ಹೆದರಿಸಿ ಕೆಲಸ ತೆಗೆಯುವ ಕಡೆ ಮೊದಲು ಕೆಡುವುದು ಅಂಕಿ. ಜನ ಬಿಡುವುದು ಅದಾದ ಮೇಲೆ.

ಕಿಲ್ನಿನ ಉದ್ದಕ್ಕೂ ಇರುವ ಥರ್ಮೋಕಪಲ್‌ಗಳ (ಬಿಸಿ ಅಳೆಯುವ ಕಡ್ಡಿಗಳ) ರೀಡಿಂಗನ್ನು ಗಂಟೆಗೊಮ್ಮೆ ಕೈಯಲ್ಲಿ ಬರೆಯುವ ಪದ್ಧತಿ ನಿಮ್ಮಲ್ಲೂ ಇರುತ್ತದೆ. ಹತ್ತು ಪಾಯಿಂಟ್ ಎಂದುಕೊಂಡರೆ ದಿನಕ್ಕೆ 240 ಅಂಕಿ. ನಿಜವಾಗಿ ನೋಡಿ ಬರೆದಿದ್ದರೆ ಕೊನೆಯ ಅಂಕಿ 0ಯಿಂದ 9ರವರೆಗೆ ಸರಿಸುಮಾರು ಸಮವಾಗಿ ಹಂಚಿರುತ್ತದೆ. 0 ಅಥವಾ 5ರಲ್ಲಿ ಮುಗಿಯುವುದು ನೂರಕ್ಕೆ ಇಪ್ಪತ್ತರ ಆಸುಪಾಸು. ಅದು ಐವತ್ತು-ಅರವತ್ತಕ್ಕೆ ಹೋಗಿದ್ದರೆ ಅಂದಾಜಿನಲ್ಲಿ ತುಂಬಿದ್ದಾರೆ ಎಂದರ್ಥ. ಹಾಳೆಯನ್ನೂ ನೋಡಿ. ಗಂಟೆಗೊಮ್ಮೆ ಬರೆದ ಹಾಳೆಯಲ್ಲಿ ಪೆನ್ನು ಬದಲಾಗಿರುತ್ತದೆ, ಸಾಲು ಏರುಪೇರಾಗಿರುತ್ತದೆ, ಅಂಚಿನಲ್ಲಿ ಕಲ್ಲಿದ್ದಲಿನ ಹೆಬ್ಬೆಟ್ಟು ಒತ್ತಿರುತ್ತದೆ. ಎಂಟು ಗಂಟೆಯ ಅಂಕಿಗಳು ಒಂದೇ ಶಾಯಿಯಲ್ಲಿ, ಒಂದೇ ಒತ್ತಡದಲ್ಲಿ, ಮುದ್ದಾಗಿ ಕೂತಿದ್ದರೆ ಅದು ಶಿಫ್ಟ್ ಮುಗಿಯುವಾಗ ಕೂತು ಬರೆದ ಹಾಳೆ. ಪಿಎಲ್‌ಸಿ ಟ್ರೆಂಡ್ (ಯಂತ್ರವೇ ದಾಖಲಿಸಿದ ರೀಡಿಂಗ್) ಸಿಗುವುದಾದರೆ ಯಾವುದಾದರೂ ಹತ್ತು ದಿನದ್ದು ತೆಗೆದು ಪಕ್ಕಕ್ಕಿಟ್ಟು ನೋಡಿ, ಸಂಶಯ ಉಳಿಯುವುದಿಲ್ಲ.

ಇದರಿಂದ ಏನಾಗುತ್ತದೆ? 100 ಟನ್ನಿನ ಕಿಲ್ನಿಗೆ ಅದಿರಿನ ಫೀಡ್ ಗಂಟೆಗೆ ಆರೂವರೆ ಟನ್ ಸುತ್ತಮುತ್ತ. ಮೇಲಿಂದ "ಏಳಕ್ಕೆ ಏರಿಸಿ" ಎಂದು ಬಂತು ಎನ್ನಿ. ಒಳಗಿನ ಮಾಲಿಗೆ ಬೇಕಾದಷ್ಟು ಬಿಸಿ, ಹೊತ್ತು ಸಿಗುವುದಿಲ್ಲ, ಮೆಟಲೈಸೇಶನ್ (ಅದಿರಿನ ಕಬ್ಬಿಣದಲ್ಲಿ ಲೋಹವಾಗಿ ಬದಲಾದ ಪಾಲು) ಬೀಳುತ್ತದೆ. ಬಿದ್ದರೆ ಬೈಗುಳ. ಹಾಗಾಗಿ ಆಪರೇಟರ್ ಶೆಲ್ ಏರ್ ಫ್ಯಾನುಗಳ ಗಾಳಿ ಹೆಚ್ಚಿಸಿ ಬಿಸಿ ಏರಿಸುತ್ತಾನೆ. 950ರಿಂದ 1050 ಡಿಗ್ರಿಯ ಒಳಗೆ ಇರಬೇಕಾದ ಕಡೆ ಮೇಲಕ್ಕೆ ಹೋಗುತ್ತದೆ. ಕಲ್ಲಿದ್ದಲ ಬೂದಿ ಮೆತ್ತಗಾಗುವ ತಾಪಮಾನಕ್ಕಿಂತ ಕನಿಷ್ಠ ನೂರು ಡಿಗ್ರಿ ಕೆಳಗೆ ಇರಬೇಕು ಎಂಬ ಅಂತರ ಕರಗುತ್ತದೆ. ಬೂದಿ, ಅದಿರಿನ ಪುಡಿ ಎಲ್ಲ ಸೇರಿ ಇಟ್ಟಿಗೆಗೆ ಅಂಟಿ ರಿಂಗ್ ಕಟ್ಟುತ್ತದೆ. ಕೆಟ್ಟದ್ದು ಇನ್ನೂ ಮುಂದಿದೆ. ಆ ಅಂಟು ಥರ್ಮೋಕಪಲ್ ತುದಿಯನ್ನೂ ಮುಚ್ಚಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಅದನ್ನೇ ನಂಬಿದ ಆಪರೇಟರ್ ಇನ್ನಷ್ಟು ಗಾಳಿ ಕೊಡುತ್ತಾನೆ. ಅನುಭವ ಇದ್ದವನು ಫೀಡ್ ಕಡೆಗೆ ಮಾಲು ವಾಪಸ್ ಚೆಲ್ಲುವುದು, ಡ್ರೈವ್ ಮೋಟರಿನ ಆಂಪ್ಸ್ ಕುಣಿಯುವುದು, ಡ್ರಾಫ್ಟ್ (ಒಳಗಿನ ಗಾಳಿಯ ಎಳೆತ) ತಪ್ಪುವುದು ನೋಡಿ "ಇಲ್ಲಿ ರಿಂಗ್ ಬರುತ್ತಿದೆ, ಫೀಡ್ ಇಳಿಸಿ" ಎನ್ನುತ್ತಾನೆ. ಹಾಗೆ ಅಂದವನಿಗೆ ಮೀಟಿಂಗಿನಲ್ಲಿ ಮರ್ಯಾದೆ ಹೋಗುವುದಾದರೆ ಎರಡನೇ ಸಲ ಅವನು ಬಾಯಿ ತೆರೆಯುವುದಿಲ್ಲ.

ಈಗ ಮಾಲಕರಿಗೆ ಅರ್ಥವಾಗುವ ಲೆಕ್ಕ. ಒಂದು ಕಿಲ್ನ್ ದಿನಕ್ಕೆ 100 ಟನ್ನಿನಂತೆ 150 ದಿನ ಓಡಿ 10 ದಿನ ನಿಂತರೆ, ವರ್ಷಕ್ಕೆ ಓಡುವ ದಿನ 342, ಮಾಲು ಸುಮಾರು 34,200 ಟನ್. ಅದೇ ಕಿಲ್ನನ್ನು 108 ಟನ್ನಿಗೆ ಎಳೆದು, 60 ದಿನಕ್ಕೇ ರಿಂಗ್ ಬಂದು 10 ದಿನ ನಿಂತರೆ, ಓಡುವ ದಿನ 313, ಮಾಲು ಸುಮಾರು 33,800 ಟನ್. ದಿನದ ರಿಪೋರ್ಟಿನಲ್ಲಿ ನೂರಾ ಎಂಟು ಕಂಡು ಎಲ್ಲರೂ ಚಪ್ಪಾಳೆ, ವರ್ಷದ ಕೊನೆಗೆ 400 ಟನ್ ಕಡಿಮೆ. ಜೊತೆಗೆ ವರ್ಷಕ್ಕೆ ಮೂರು ಶಟ್‌ಡೌನ್ ಹೆಚ್ಚು: ಇಟ್ಟಿಗೆ ರಿಪೇರಿ, ಮತ್ತೆ ಬಿಸಿ ಮಾಡುವ ಎಣ್ಣೆ-ಕಟ್ಟಿಗೆ, ಒಳಗೆ ಇಳಿದು ರಿಂಗ್ ಒಡೆಯುವ ಗುತ್ತಿಗೆ ಕೂಲಿಕಾರರ ಜೀವದ ಅಪಾಯ. ನಿಮ್ಮ ಕಿಲ್ನಿನ ನಿಜವಾದ ದಿನಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಹಳೆಯ ಸಾಹೇಬರ ಕಾಲದ ಕೊನೆಯ ಎರಡು ಕ್ಯಾಂಪೇನ್ (ಕಿಲ್ನ್ ಹಚ್ಚಿದಾಗಿನಿಂದ ನಿಲ್ಲುವವರೆಗಿನ ಒಂದು ಓಟ), ಈಗಿನವರ ಎರಡು.

ಲ್ಯಾಬ್ ಕಡೆಗೂ ಒಂದು ಕಣ್ಣಿರಲಿ. ಮೆಟಲೈಸೇಶನ್ ಇಷ್ಟಕ್ಕಿಂತ ಕೆಳಗಿಳಿದರೆ ನಿಮ್ಮ ಮಾಲು ಕೊಳ್ಳುವ ಫರ್ನೇಸಿನವರು ರೇಟ್ ಕಡಿತ ಶುರು ಮಾಡುವ ಗೆರೆ ಒಂದಿರುತ್ತದಲ್ಲ, ನಿಮ್ಮ ಲ್ಯಾಬ್ ರಿಪೋರ್ಟೆಲ್ಲ ಆ ಗೆರೆಯ ಅರ್ಧ ಪಾಯಿಂಟ್ ಮೇಲೆ ಸಾಲಾಗಿ ಕೂತಿವೆಯೇ? ಕೊಂಡವರ ರಿಪೋರ್ಟಿಗೂ ನಿಮ್ಮದಕ್ಕೂ ಅಂತರ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದೆಯೇ? ಹಿಗ್ಗುತ್ತಿದ್ದರೆ ಲ್ಯಾಬಿನ ಹುಡುಗರಿಗೂ ಹೆದರಿಕೆ ತಟ್ಟಿದೆ.

ಒಂದು ಎಚ್ಚರ. ಈ ಹಾಳೆಗಳನ್ನು ಹೆಸರು ಸಮೇತ ಯಾರಿಗೂ ಕೊಡಬೇಡಿ. ಕೊಟ್ಟರೆ ಮಾರನೇ ದಿನ ಆಪರೇಟರಿಗೆ ಶೋಕಾಸ್ ನೋಟಿಸ್, ವಿಷಯ ಅಲ್ಲಿಗೆ ಮುಚ್ಚಿಹೋಗುತ್ತದೆ. ತಿಂಗಳವಾರು ಒಟ್ಟು ಶೇಕಡಾ ಮಾತ್ರ ಕೊಡಿ.

ಪಗಾರಪಟ್ಟಿ

ಮೇಷ್ಟ್ರು ಹೇಳಿದ್ದು ಉತ್ಪಾದನೆಯ ಮಗ್ಗುಲು. ನಾನು ಮಸ್ಟರಿನ ಕಡೆಯಿಂದ ಬರುತ್ತೇನೆ, ಯಾಕೆಂದರೆ 'ಪಗಾರವೋ ಸಾಹೇಬರೋ' ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬಿಟ್ಟವರ ಒಟ್ಟು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಆರು ತಿಂಗಳ ಮೊದಲ ದಿನ 120, ಕೊನೆಯ ದಿನ 112, ಸರಾಸರಿ 116. ಬಿಟ್ಟವರು 15 ಎಂದರೆ ಅರ್ಧ ವರ್ಷಕ್ಕೆ ನೂರಕ್ಕೆ 13, ವರ್ಷಕ್ಕೆ 26. ಮಾಲಕರು "ಈ ಕಡೆ ಎಲ್ಲ ಪ್ಲಾಂಟಿನಲ್ಲೂ ಇದೇ" ಎಂದು ತಳ್ಳಿಹಾಕುತ್ತಾರೆ. ಅದನ್ನೇ ಒಡೆದು ನೋಡಿ. ಕಂಟ್ರೋಲ್ ರೂಮಿನ 12 ಜನರಲ್ಲಿ 5, ಯಾರ್ಡಿನ 30 ಜನರಲ್ಲಿ 2 ಎಂದು ಬಂದರೆ ಅದು ಪಗಾರದ ಕಥೆಯಲ್ಲ. ಪಗಾರ ಕಡಿಮೆಯಾಗಿ ಬಿಡುವುದಾದರೆ ಮೊದಲು ಕಡಿಮೆ ಪಗಾರದವರು, ಹೊಸಬರು ಹೋಗುತ್ತಾರೆ. ಐದು ವರ್ಷ ದಾಟಿ ಗ್ರಾಚ್ಯುಟಿ ಗಟ್ಟಿಯಾದವರು, ಸಾಹೇಬರ ಜೊತೆ ದಿನಾ ಮುಖಾಮುಖಿ ಆಗುವ ವಿಭಾಗದವರು ಹೋಗುತ್ತಿದ್ದರೆ ಬೇರೆ ಅರ್ಥ. ಇನ್ನೂ ಗಟ್ಟಿ ಗುರುತು: ನಾಲ್ಕು ವರ್ಷ ಚಿಲ್ಲರೆ ಆದವರೇ ಬಿಟ್ಟಿದ್ದರೆ, ಐದಕ್ಕೆ ಕೈಗೆ ಬರುವ ದುಡ್ಡನ್ನೂ ಬೇಡವೆಂದು ಹೋದರು ಎಂದಾಯಿತು.

ಆಮೇಲೆ ಎಲ್ಲಿಗೆ ಹೋದರು ಎಂದು ನೋಡಿ. ಹೆಚ್ಚು ಪಗಾರಕ್ಕೆ ಹೋದವರು, ಅಷ್ಟೇ ಪಗಾರಕ್ಕೆ ಹೋದವರು, ಕಡಿಮೆಗೆ ಹೋದವರು ಅಥವಾ ಕೆಲಸ ಹಿಡಿಯದೆ ಹೊಲಕ್ಕೆ ಮರಳಿದವರು ಎಂದು ಮೂರು ಗುಂಪು ಮಾಡಿ. ಎರಡನೇ, ಮೂರನೇ ಗುಂಪು ಸೇರಿ ಅರ್ಧಕ್ಕಿಂತ ಹೆಚ್ಚಿದ್ದರೆ ಉತ್ತರ ಸಿಕ್ಕಂತೆ. ಎಕ್ಸಿಟ್ ಫಾರ್ಮ್ ನಂಬಬೇಡಿ. ಫುಲ್ ಅಂಡ್ ಫೈನಲ್ ಬಾಕಿ ಇರುವಾಗ ಯಾರೂ ನಿಜ ಬರೆಯುವುದಿಲ್ಲ, ಬರೆಯಲೂಬಾರದು. ಬಾಕಿ ಎಲ್ಲ ಚುಕ್ತಾ ಆಗಿ ಎರಡು-ಮೂರು ತಿಂಗಳಾದ ಮೇಲೆ ಫೋನ್ ಮಾಡಿ. "ಯಾಕೆ ಬಿಟ್ಟಿರಿ" ಎಂದು ಕೇಳಿದರೆ "ಏನಿಲ್ಲ ಸರ್" ಎಂದೇ ಬರುತ್ತದೆ. "ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ, ಅವತ್ತು ಏನಾಗಿತ್ತು" ಎಂದು ಕೇಳಿ. ಆಗ ತಾರೀಖು, ಜಾಗ, ಆಡಿದ ಮಾತು ಎಲ್ಲ ಹೊರಬರುತ್ತದೆ.

ಗೈರುಹಾಜರಿಯಲ್ಲೂ ಗುರುತು ಸಿಗುತ್ತದೆ. ಜನವರಿಯ ಗವಿಮಠದ ಜಾತ್ರೆಗೆ ಕೊಪ್ಪಳದ ಯಾವ ಪ್ಲಾಂಟಿನಲ್ಲೂ ಹಾಜರಿ ಬೀಳುತ್ತದೆ, ಅದು ಸಹಜ. ರಜೆಯ ಪಟ್ಟಿಯನ್ನು ಡಿಸೆಂಬರಿನಲ್ಲೇ ಕೂತು ಹಂಚಿಕೊಂಡರೆ ಮೂರೂ ಪಾಳಿ ನಡೆಯುತ್ತವೆ. "ಜಾತ್ರೆಗೆ ರಜೆ ಇಲ್ಲ" ಎಂದು ನೋಟಿಸ್ ಹಚ್ಚಿದ ವರ್ಷ ಮೂರೂ ಪಾಳಿಯಲ್ಲಿ ಹೇಳದೆ ಕೇಳದೆ ಗೈರು. ಮುಂಚೆ ಹೇಳಿ ತೆಗೆದುಕೊಂಡ ರಜೆ ಎಷ್ಟು, ಹೇಳದೆ ತಪ್ಪಿಸಿದ್ದು ಎಷ್ಟು ಎಂಬ ಅನುಪಾತ ನೋಡಿ. ನಂಬಿಕೆ ಕೆಟ್ಟ ಕಡೆ ಎರಡನೆಯದು ಬೆಳೆಯುತ್ತದೆ. ಸಿಇಒ ಪ್ಲಾಂಟಿನಲ್ಲಿದ್ದ ದಿನ, ಇಲ್ಲದ ದಿನ ಬೇರೆ ಮಾಡಿ ಸಿಕ್ ಲೀವ್ ಎಣಿಸಿದರೆ ನಿಮಗೇ ಆಶ್ಚರ್ಯವಾಗಬಹುದು.

ಬದಲಿ ಆಪರೇಟರಿನ ಖರ್ಚು ಹೀಗೆ ಹಾಕಿ. ಉದಾಹರಣೆಗೆ ತಿಂಗಳಿಗೆ 28,000 ಪಗಾರ, ಒಬ್ಬಂಟಿಯಾಗಿ ಕೂರಿಸುವ ಮೊದಲು ಮೂರು ತಿಂಗಳು ಹಳಬನ ಪಕ್ಕ ಕೂರಿಸಬೇಕು ಎಂದರೆ 84,000. ಹುದ್ದೆ ಖಾಲಿಯಿದ್ದ ಅವಧಿಯಲ್ಲಿ ಉಳಿದವರಿಗೆ ಕೊಟ್ಟ ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಇದರ ಮೇಲಿನದು. ಓಟಿ ದುಪ್ಪಟ್ಟು ದರದಲ್ಲಿ ಕೊಡಬೇಕು, ಸಾದಾ ದರದಲ್ಲಿ ಕೊಡುತ್ತಿದ್ದರೆ ಅದು ಬೇರೆ ರೋಗ. ಓಟಿ ಒಂದೇ ನಾಲ್ಕೈದು ಹೆಸರುಗಳ ಮೇಲೆ ಬೀಳುತ್ತಿದ್ದರೆ ಮುಂದೆ ಬಿಡುವವರು ಅವರೇ. ಈಗಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಜಾತಿ ಹಿಡಿದು ಎಲ್ಲರೆದುರು ಬೈದರೆ ಅದನ್ನು 'ಕಲ್ಚರ್ ಸಮಸ್ಯೆ' ಎಂದು ಕರೆಯಬೇಡಿ. ಎಸ್‌ಸಿ, ಎಸ್‌ಟಿಯವರ ಮೇಲೆ ಆಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ವಿಷಯ. ಹೆಣ್ಣುಮಕ್ಕಳ ಜೊತೆ ಅಸಭ್ಯ ಮಾತಾಗಿದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತು ಜನ ಇದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇವು ಮಾಲಕರ ಮನಸ್ಸು ಒಲಿಸುವ ವಿಷಯಗಳಲ್ಲ, ಬೇರೆ ದಾರಿಯಲ್ಲೇ ಹೋಗಬೇಕು.

ಕಾರಟಗಿ_ಮಿಲ್

ನಮ್ ಕಡೆ ರೈಸ್ ಮಿಲ್‌ನಾಗೂ ಇದ ಬ್ಯಾನಿ ಐತ್ರಿ, ಬರೇ ಹೆಸರು ಬ್ಯಾರೆ. ಅಲ್ಲಿ ಸಿಇಒ ಅಂತಾರ, ಇಲ್ಲಿ ಮಾಲಕ್ರ ಮಗ ಅಂತಾರ. ನೀವು ಬರದದ್ರಾಗ ಎಲ್ಲಾರೂ ಬೈಗುಳದ ಮ್ಯಾಲ ಗಮನ ಕೊಟ್ರಿ, ನನಗ ದೊಡ್ಡದು ಅನಸೋದು ಆ ಫಿಟ್ಟರ್‌ಗೆ ಹೋಗೋ ನೇರ ಫೋನು.

ಡ್ರೈಯರ್ ಉದಾಹರಣಿ ತಗೋರಿ. ಕುದಿಸಿದ ನೆಲ್ಲಿನ್ಯಾಗ ನೂರಕ್ಕ ಮೂವತ್ತರ ಮ್ಯಾಲ ತೇವ ಇರ್ತೈತಿ. ಅದನ್ನ ಒಮ್ಮಿಗೆ ಹದಿನಾಕಕ್ಕ ಇಳಸಬಾರ್ದು. ಮೊದ್ಲ ಹದಿನಾರು-ಹದಿನೆಂಟರ ತನಕ ಒಣಗಿಸಿ, ನಾಕು ತಾಸರ ತಣ್ಣಗ ಬಿಡಬೇಕು, ಕಾಳಿನ ಒಳಗಿನ ತೇವ ಹೊರಗ ಬರಾಕ. ಆಮ್ಯಾಲ ಎರಡನೇ ಸಲ ಹದಿನಾಕಕ್ಕ. ಇದು ಮಿಲ್ ಮೇಸ್ತ್ರಿಗೆ ಗೊತ್ತು. ಮಾಲಕ್ರ ಮಗ ರಾತ್ರಿ ಡ್ರೈಯರ್ ಹುಡುಗಗ ಫೋನ್ ಹಚ್ಚಿ "ಲಾರಿ ನಿಂತೈತಿ, ಗಾಳಿ ಬಿಸಿ ಏರ್ಸು, ಒಂದ ಸಲಕ್ಕ ಮುಗ್ಸು" ಅಂತಾನ. ಹುಡುಗ ಏರ್ಸತಾನ. ಕಾಳಿಗೆ ಒಳಗ ಸೀಳು ಬೀಳ್ತೈತಿ, ಪಾಲಿಶ್‌ಗೆ ಹೋದಾಗ ನುಚ್ಚು ಆಗಿ ಬೀಳ್ತೈತಿ. ಮುಂಜಾನೆ ನುಚ್ಚಿನ ಲೆಕ್ಕ ನೋಡಿ ಬೈಸ್ಕೊಳ್ಳೋದು ಮೇಸ್ತ್ರಿ. ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂದಂಗ.

ಇಲ್ಲಿ ಕೆಟ್ಟದ್ದು ಮೂರು. ಅಕ್ಕಿ ಕೆಡ್ತು, ಅದು ಹೋಗ್ಲಿ. ಮೇಸ್ತ್ರಿ ಮಾತಿಗೆ ಬೆಲೆ ಹೋತು. ನಾಳೆ ಅಂವ ಹೇಳಿದ್ದನ್ನ ಹುಡುಗ ಕೇಳಂಗಿಲ್ಲ, "ಸಾವ್ಕಾರ್ರಿಗೆ ಕೇಳ್ತೀನಿ ತಡಿ" ಅಂತಾನ. ಮೂರನೇದು ಎಲ್ಲಾಕಿಂತ ಕೆಟ್ಟದ್ದು: ಫೋನ್‌ನ್ಯಾಗ ಹೇಳಿದ್ದಕ್ಕ ಕಾಗದ ಇಲ್ಲ, ತಪ್ಪಾದ್ರ "ನಾ ಎಲ್ಲಿ ಹಂಗ ಹೇಳಿನಿ" ಅಂದಬಿಡ್ತಾರ. ಅದಕ್ಕ ಮಂದಿ ಏನ್ ಮಾಡ್ತಾರಂದ್ರ, ಸಣ್ಣ ಕೆಲಸಕ್ಕೂ ಮ್ಯಾಲಿಂದ ಫೋನ್ ಬರೋತನ ಕೈಕಟ್ಟಿ ಕೂಡ್ತಾರ. ಆಮ್ಯಾಲ ಮಾಲಕ್ರ "ಇವ್ರಿಗೆ ಸ್ವಂತ ತಲಿ ಇಲ್ಲ" ಅಂತಾರ!

ಮದ್ದು ಭಾಳ ಸರಳ ಐತಿ. ಶಿಫ್ಟ್ ಇನ್‌ಚಾರ್ಜ್ ಮೇಜಿನ ಮ್ಯಾಲ ಒಂದು ಆರ್ಡರ್ ಬುಕ್. ನೇರ ಫೋನ್ ಬಂದ್ರ ಕೆಲಸದಾಂವ "ಆತ್ರಿ ಸಾಹೇಬ್ರ, ಬುಕ್ಕಿನ್ಯಾಗ ಬರಿಸ್ತೀನಿ" ಅನ್ನಬೇಕು, ಅಷ್ಟ. ಹೊತ್ತು, ಹೇಳಿದವ್ರ ಹೆಸರು, ಏನು ಹೇಳಿದ್ರು, ಇನ್‌ಚಾರ್ಜ್ ಸಹಿ. ಯಾರೂ ಎದುರು ಮಾತಾಡಂಗಿಲ್ಲ, ಜಗಳ ಇಲ್ಲ. ಬರದು ಇಡ್ತಾರ ಅಂತ ಗೊತ್ತಾದ್ರ ಅರ್ಧ ಫೋನು ತಾವ ನಿಲ್ತಾವ.

ಸೇಫ್ಟಿ_ಸಂಡೂರು

ಆರ್ಡರ್ ಬುಕ್ ಮಾತು ಸೋಳಾಣೆ ಸತ್ಯ. ನಾನು ಆ ಗೇಟಿನ ಬೋರ್ಡಿಗೆ ಬರುತ್ತೇನೆ.

210 ಜನ, ಎರಡು ಕಿಲ್ನ್, ಕನ್ವೇಯರ್, ಕ್ರಷರ್, ಸಿಒ (ಕಾರ್ಬನ್ ಮೊನಾಕ್ಸೈಡ್) ಎಂಬ ವಿಷದ ಗ್ಯಾಸು. ಇಲ್ಲಿ ತಿಂಗಳಿಗೆ ಒಂದೂ ನಿಯರ್ ಮಿಸ್ ಇಲ್ಲವೆಂದರೆ ಏನೂ ಆಗಿಲ್ಲವೆಂದಲ್ಲ, ಯಾರೂ ಹೇಳುತ್ತಿಲ್ಲ ಎಂದು. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ನೋಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚು ಕಂಡವು. ಅಲ್ಲಿನವರು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ, ಅದೇ ವ್ಯತ್ಯಾಸ.

ಬೋರ್ಡಿನ ಅಂಕಿ ನಂಬಿ ಕೆಟ್ಟದ್ದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ರಿಫೈನರಿ. 2005ರ ಮಾರ್ಚ್ 23ರಂದು ಅಲ್ಲಿ ಒಂದು ಟವರ್ ಅಳತೆ ಮೀರಿ ತುಂಬಿ ಸ್ಫೋಟವಾಗಿ 15 ಜನ ಸತ್ತರು. ಲೆವೆಲ್ ತೋರಿಸುವ ಉಪಕರಣ ತಪ್ಪು ಹೇಳುತ್ತಿತ್ತು. ಆಮೇಲಿನ ತನಿಖೆಗಳು ಬೊಟ್ಟು ಮಾಡಿದ್ದು ಖರ್ಚು ಕಡಿತದ ಕಡೆಗೆ, ಮತ್ತು ಕೈಕಾಲು ಗಾಯದ ಲೆಕ್ಕ ಚೆನ್ನಾಗಿದೆ ಎಂದು ಮೇಲಿನವರು ಪ್ರಕ್ರಿಯೆಯ ಅಪಾಯವನ್ನು ಕಡೆಗಣಿಸಿದ್ದರ ಕಡೆಗೆ. ನಮ್ಮದೇ ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಅನಿಲ ಹೊರಬಿದ್ದಾಗ ಟ್ಯಾಂಕ್ ತಣ್ಣಗಿಡುವ ಘಟಕ ತಿಂಗಳುಗಳಿಂದ ಬಂದ್ ಇತ್ತು, ಫ್ಲೇರ್ ಟವರ್ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ, ಪಾಳಿಯ ಕೆಲಸಗಾರರನ್ನೂ ಕಡಿಮೆ ಮಾಡಿದ್ದರು. ಅವೆಲ್ಲ ವಾಲ್ವ್ ಬಳಿ ನಿಂತವನ ಕೈಯಲ್ಲಿ ಇದ್ದ ತೀರ್ಮಾನಗಳಲ್ಲ.

ನಿಮ್ಮಲ್ಲಿ ಮಾಡಬೇಕಾದದ್ದು: ಗೇಟಿನ ಬೋರ್ಡಿನಿಂದ ನಿಯರ್ ಮಿಸ್ ಸೊನ್ನೆ ತೆಗೆದು ಅದರ ಜಾಗದಲ್ಲಿ ಎರಡು ಅಂಕಿ ಬರೆಸಿ, ಈ ತಿಂಗಳು ಹೇಳಿದ್ದು ಎಷ್ಟು, ಸರಿಪಡಿಸಿದ್ದು ಎಷ್ಟು. ಫಾರ್ಮಿನಲ್ಲಿ ಹೆಸರಿನ ಕಾಲಂ ಬೇಡ. ಕನ್ನಡ, ಹಿಂದಿ ಎರಡರಲ್ಲೂ ಇರಲಿ. ಒಡಿಶಾ, ಬಿಹಾರದ ಹುಡುಗರು ರಿಂಗ್ ಒಡೆಯಲು ಇಳಿಯುತ್ತಾರೆ, ಪರ್ಮಿಟ್ ಮಾತ್ರ ಇಂಗ್ಲಿಷಿನಲ್ಲಿರುತ್ತದೆ, ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಾರೆ. ಮೊದಲು ಬಂದ ಐದು ಚೀಟಿಗಳನ್ನು 48 ತಾಸಿನೊಳಗೆ ಸರಿಪಡಿಸಿ, ಕಾವಲು ಇಲ್ಲದ, ಕನ್ವೇಯರ್ ತುದಿಯ ಟೇಲ್ ಪುಲ್ಲಿಗೆ ಜಾಳಿಗೆ ಹಾಕುವಂಥ ಕೆಲಸ ಸಾಕು. ಆ ಐದು ಹಾಗೇ ಬಿದ್ದಿದ್ದರೆ ಆರನೆಯದು ಬರುವುದಿಲ್ಲ.

ಹಳೇ_ಜಿಎಂ_ಬಳ್ಳಾರಿ

ಸ್ವಲ್ಪ ಎದುರು ಮಾತು. ಹೊಸ ಸಾಹೇಬರು ಬಂದ ಹೊತ್ತಿಗೇ ಮಾರುಕಟ್ಟೆ ಬಿದ್ದಿದ್ದರೆ, ಕಲ್ಲಿದ್ದಲ ರೇಟ್ ಏರಿದ್ದರೆ, ಯಾರು ಕೂತರೂ ಬಿಗಿ ಮಾಡಲೇಬೇಕು. ಹಿಂದಿನವರು ಸಡಿಲ ಬಿಟ್ಟಿದ್ದರೆ ಬಿಗಿ ಮಾಡಿದವರು ರಾಕ್ಷಸರಾಗಿ ಕಾಣುತ್ತಾರೆ. ಸ್ಟೋರಿನಲ್ಲಿ ಬೇರಿಂಗ್ ಮಾಯವಾಗುವುದು, ವೇಬ್ರಿಜ್‌ನಲ್ಲಿ ಕೈಚಳಕ ಇಂಥದ್ದು ನಿಂತದ್ದಕ್ಕೇ ಕೆಲವರು ಬಿಡುತ್ತಾರೆ. ಬಿಟ್ಟವರ ಪಟ್ಟಿಯಲ್ಲಿ ಅವರನ್ನು ಬೇರೆ ಇಡಿ, ಇಲ್ಲದಿದ್ದರೆ ಸಿಇಒ ಅದೊಂದೇ ಹೆಸರು ಹಿಡಿದು ನಿಮ್ಮ ಇಡೀ ಲೆಕ್ಕ ಉರುಳಿಸುತ್ತಾರೆ.

ಬಿಗಿಯವರಿಗೂ ಕೆಟ್ಟವರಿಗೂ ವ್ಯತ್ಯಾಸ ನೋಡಲು ನನಗೆ ತಿಳಿದ ಪರೀಕ್ಷೆ ಒಂದೇ. ಒಂದೇ ಥರದ ತಪ್ಪಿಗೆ ಕೊಟ್ಟ ಮೆಮೋಗಳನ್ನು ತೆಗೆದು ಪಕ್ಕಪಕ್ಕ ಇಡಿ. ಬಿಗಿಯವರಲ್ಲಿ ಎಲ್ಲರಿಗೂ ಒಂದೇ ಶಿಕ್ಷೆ, ನಿಯಮ ಮೊದಲೇ ಗೋಡೆಯ ಮೇಲಿರುತ್ತದೆ. ಕೆಟ್ಟವರಲ್ಲಿ ಒಬ್ಬನಿಗೆ ಎಚ್ಚರಿಕೆ, ಇನ್ನೊಬ್ಬನಿಗೆ ಮೂರು ದಿನ ಸಸ್ಪೆನ್ಶನ್, ಬೇಕಾದವನಿಗೆ ಏನೂ ಇಲ್ಲ. ಸಾಹೇಬರ ಮುಖ ನೋಡಿ ಆವತ್ತಿನ ನಿಯಮ ಊಹಿಸಬೇಕು ಎಂಬ ಸ್ಥಿತಿ ಬಂದರೆ ಚಾಡಿ ಹೇಳುವವರ ರಾಜ್ಯ ಶುರು. ಆ ಮಧ್ಯದ ಮೂರ್ನಾಲ್ಕು ಜನರನ್ನೂ ಗಮನಿಸಿ. ಮೇಲೆ ಕೂತವರು ಹೋದರೂ ಅವರು ಹೋಗುವುದಿಲ್ಲ, ಮುಂದಿನವರ ಕಿವಿಗೂ ಅವರೇ ಮೊದಲು ತಲುಪುತ್ತಾರೆ.

ಟೈಮ್‌ಆಫೀಸ್_ಕೊಪ್ಪಳ

ಎಲ್ಲರಿಗೂ ಧನ್ಯವಾದ. ಕೊನೆಯ ಅಂಕಿಯ ಲೆಕ್ಕ, ಕ್ಯಾಂಪೇನ್ ದಿನಗಳ ಲೆಕ್ಕ ಇವೆರಡಕ್ಕೂ ಬೇಕಾದ ಕಾಗದ ನನ್ನ ಕೈಗೆ ಸಿಗುತ್ತದೆ. ಜಿಎಂ ಸರ್, ಮೆಮೋ ಫೈಲೂ ನನ್ನ ಹತ್ತಿರವೇ ಇದೆ. ಇಟ್ಟುಕೊಂಡು ಮಾಲಕರ ಮುಂದೆ ಹೋಗುವುದು ಹೇಗೆ? ಸಿಇಒ ಅವರನ್ನು ದಾಟಿ ಹೋದೆ ಎಂದಾದರೆ ಮೊದಲು ಹೋಗುವುದು ನನ್ನ ಕೆಲಸ. ಹೆಸರಿಲ್ಲದ ಪತ್ರ ಹಾಕಿದರೆ ಹೇಗೆ ಎಂದು ಕೆಲವರು ಅನ್ನುತ್ತಿದ್ದಾರೆ.

ಹಳೇ_ಜಿಎಂ_ಬಳ್ಳಾರಿ

ಹೆಸರಿಲ್ಲದ ಪತ್ರ ಬೇಡವೇ ಬೇಡ. ಮಾಲಕರು ಅದನ್ನು ಸಿಇಒ ಕೈಗೇ ಕೊಡುತ್ತಾರೆ. ಬರೆದವರು ಯಾರು ಎಂಬ ಬೇಟೆ ಶುರುವಾಗುತ್ತದೆ, ಬರೆದ ವಿಷಯ ಮೂಲೆಗೆ ಬೀಳುತ್ತದೆ.

ನೀವು ದಾಟಿ ಹೋಗಬೇಕಾಗಿಲ್ಲ. ಮಾಲಕರಿಗೆ ಹೋಗುವ ತಿಂಗಳ ವರದಿಯಲ್ಲಿ ಪಗಾರ, ಹಾಜರಿ, ಪಿಎಫ್ ಲೆಕ್ಕ ನಿಮ್ಮಿಂದಲೇ ಹೋಗುತ್ತದಲ್ಲ, ಅದಕ್ಕೇ ಒಂದು ಪುಟ ಸೇರಿಸಿ. ಮೇಲೆ ನಾಲ್ಕು ಸಾಲು: ವಿಭಾಗವಾರು ಬಿಟ್ಟವರು, ಹೇಳದೆ ಗೈರು, ಓಟಿ ಯಾರ ಮೇಲೆ ಎಷ್ಟು, ಪ್ರತಿ ಕಿಲ್ನಿನ ಕ್ಯಾಂಪೇನ್ ದಿನ. ಎದುರಿಗೆ ಹಿಂದಿನ ವರ್ಷದ ಅದೇ ತಿಂಗಳು. ವಿಶೇಷಣ ಒಂದೂ ಬೇಡ, ಸಿಇಒ ಹೆಸರು ಬೇಡ, 'ಭಯ', 'ವಾತಾವರಣ' ಎಂಬ ಮಾತೂ ಬೇಡ. ಮೊದಲ ತಿಂಗಳು ಯಾರೂ ನೋಡುವುದಿಲ್ಲ. ಮೂರನೇ ತಿಂಗಳಿಗೆ ಮಾಲಕರೇ ಫೋನ್ ಮಾಡಿ "ಇದೇನಿದು ಕ್ಯಾಂಪೇನ್ ಅರ್ಧಕ್ಕಿಳಿದಿದೆ" ಎಂದು ಕೇಳಿದರೆ, ಕೇಳಿದ್ದಕ್ಕೆ ಉತ್ತರ ಕೊಟ್ಟಂತಾಗುತ್ತದೆ, ದೂರು ಹೇಳಿದಂತಲ್ಲ. ಲಾಗ್ ಶೀಟಿನ ಲೆಕ್ಕ ಆಗ ತೆಗೆಯಿರಿ, ಮೊದಲೇ ಅಲ್ಲ. ಪುಟ ಕಳಿಸುವ ಮುಂಚೆ ಒಂದು ಪ್ರತಿ ಸಿಇಒ ಮೇಜಿಗೂ ಹೋಗಲಿ. ಅವರು ತಡೆದರೆ ತಡೆದದ್ದೇ ದಾಖಲೆ. ಮೇಲ್ ಮೂಲಕ ಕಳಿಸಿ, ತಾರೀಖು ಇರುತ್ತದೆ.

ಕೇಳಿದಾಗ ಪರಿಹಾರ ಎಂದು "ಅವರನ್ನು ತೆಗೆಯಿರಿ" ಅನ್ನಬೇಡಿ. ತಂದು ಕೂರಿಸಿದವರು ಮಾಲಕರೇ, ಅದನ್ನು ತಮ್ಮ ಆಯ್ಕೆಗೆ ಬಿದ್ದ ಪೆಟ್ಟು ಎಂದುಕೊಳ್ಳುತ್ತಾರೆ. ಮೂರು ಕೇಳಿ ಸಾಕು. ಫೀಡ್ ಇಳಿಸುವ, ಬೇಕಾದರೆ ಕಿಲ್ನ್ ನಿಲ್ಲಿಸುವ ಅಧಿಕಾರ ಶಿಫ್ಟ್ ಇನ್‌ಚಾರ್ಜ್‌ಗೆ ಲಿಖಿತವಾಗಿ. ಕಾರಟಗಿಯವರು ಹೇಳಿದ ಆರ್ಡರ್ ಬುಕ್. ಮತ್ತೆ ಸಿಇಒ ಬೋನಸ್ ದಿನದ ಟನ್ನಿನ ಮೇಲಿದ್ದರೆ ಅದನ್ನು ಕ್ಯಾಂಪೇನ್ ದಿನ ಮತ್ತು ವರ್ಷದ ಟನ್ನಿನ ಮೇಲೆ ಕಟ್ಟುವುದು. ಮೂರನೆಯದನ್ನು ಮಾಲಕರು ಒಪ್ಪಿದರೆ ಎಷ್ಟೋ ಬೈಗುಳ ತಾನಾಗಿ ಇಳಿಯುತ್ತದೆ. ಆ ಮನುಷ್ಯ ಕೆಟ್ಟವನೇ ಆಗಿರಬೇಕಿಲ್ಲ, ದಿನದ ನೂರಾ ಎಂಟಕ್ಕೆ ದುಡ್ಡು ಸಿಗುವಾಗ ಯಾರು ತಾನೆ ನೂರಕ್ಕೆ ನಿಲ್ಲಿಸುತ್ತಾರೆ?

ಪಗಾರಪಟ್ಟಿ

ಜಿಎಂ ಸರ್ ಹೇಳಿದ್ದಕ್ಕೆ ಒಂದೇ ಸೇರ್ಪಡೆ. 20 ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಆಡಳಿತದವರು ಮತ್ತು ಕೆಲಸಗಾರರು ಸಮಸಮ. ನಿಮ್ಮಲ್ಲಿ ಇದ್ದರೆ ಕೊನೆಯ ಸಭೆಯ ನಡಾವಳಿ ಪುಸ್ತಕ ತೆಗೆದು ನೋಡಿ. ಕಾಗದದಲ್ಲಷ್ಟೇ ಇದ್ದರೆ ಅದನ್ನು ನಡೆಸುವುದರಿಂದಲೇ ಶುರು ಮಾಡಬಹುದು, ಯಾರನ್ನೂ ಕೇಳುವ ಅಗತ್ಯವಿಲ್ಲ. ರಿಂಗ್ ಬಂದು ಕಿಲ್ನ್ ನಿಂತಿರುವ ವಾರದಲ್ಲಿ ಮಾತ್ರ ಸಭೆ ಕರೆಯಬೇಡಿ. ಆಗ ಎಲ್ಲರ ತಲೆಯೂ ಬಿಸಿ ಇರುತ್ತದೆ.

ಕಾರಟಗಿ_ಮಿಲ್

ಆರ್ಡರ್ ಬುಕ್ಕಿಗೆ ಪುಟದ ನಂಬರ್ ಹಾಕಸ್ರಿ ಮೊದ್ಲ. ಇಲ್ಲಂದ್ರ ಬೇಕಾದ ಹಾಳಿ ಬೇಕಾದಾಗ ಹರಿತಾವ.